ಮೂರು ಬಗೆಯ ಜಾಬ್, ಒಂದೇ ಮಷಿನ್: ಪುಟ್ಟ ಸೆಲ್ ಒಂದನ್ನು ಕಟ್ಟಿದ ಲಾಗ್

ಒಂದು ಜಾಬ್ (ಕೊರೆದು ಮಾಡಬೇಕಾದ ಲೋಹದ ತುಂಡು) ಕಟಿಂಗ್ 6 ನಿಮಿಷ, ಅದಕ್ಕೆ ನನ್ನ ಸಿಎನ್‌ಸಿ, ಅಂದರೆ ಪ್ರೋಗ್ರಾಂ ಪ್ರಕಾರ ತಾನೇ ಲೋಹ ಕೊರೆಯುವ ಮಷಿನ್, ಸೆಟ್ ಮಾಡುವುದು 40 ನಿಮಿಷ. ಇದೇ ನನ್ನ ತಲೆನೋವು. ಒಂದೇ ಬಗೆಯ ಜಾಬ್ 500 ಇದ್ದರೆ ಚಿಂತೆ ಇಲ್ಲ, ಒಮ್ಮೆ ಸೆಟ್ ಮಾಡಿ ಓಡಿಸುತ್ತಾ ಹೋಗಬಹುದು. ನನ್ನ ಹತ್ತಿರ ಬರುವುದು ಹಾಗಲ್ಲ. ಬ್ರಾಕೆಟ್ 12, ಮುಚ್ಚಳ 25, ಬೇರಿಂಗ್ ಹೌಸಿಂಗ್ 8, ಆಮೇಲೆ ಮತ್ತೆ ಬ್ರಾಕೆಟ್. ಪ್ರತಿ ಸಲ ವೈಸ್ ಬಿಚ್ಚು, ಫಿಕ್ಸ್ಚರ್ (ಜಾಬ್ ಹಿಡಿಯುವ ಚೌಕಟ್ಟು) ಕೂರಿಸು, ಡಯಲ್ ಗೇಜ್ ಹಾಕಿ ನೇರ ಮಾಡು, ಆಫ್‌ಸೆಟ್ (ಜಾಬ್ ಟೇಬಲ್ ಮೇಲೆ ಎಲ್ಲಿದೆ ಅನ್ನುವ ಅಳತೆ) ತೆಗೆ, ಪ್ರೋಗ್ರಾಂ ಬದಲಿಸು. ಸಂಜೆ ಲೆಕ್ಕ ಹಾಕಿದರೆ ಸ್ಪಿಂಡಲ್ (ಟೂಲ್ ತಿರುಗಿಸುವ ದಂಡ) ತಿರುಗಿದ್ದಕ್ಕಿಂತ ನಾನು ಅಲೆನ್ ಕೀ ತಿರುಗಿಸಿದ್ದೇ ಜಾಸ್ತಿ.

ಅದಕ್ಕೇ ಈ ಸೆಲ್, ಅಂದರೆ ಮಷಿನ್ ಮತ್ತು ಅದಕ್ಕೆ ಜಾಬ್ ಕೊಡುವ ರೋಬೋಟ್ ಸೇರಿದ ಪುಟ್ಟ ಘಟಕ, ಕಟ್ಟಿದೆ. ಮೂರು ಬಗೆಯ ಜಾಬ್‌ಗಳನ್ನು ಯಾವ ಕ್ರಮದಲ್ಲಿ ಇಟ್ಟರೂ ಸರಿ, ಮಷಿನ್ ತಾನೇ ಗುರುತು ಹಿಡಿದು ಸರಿಯಾದ ಪ್ರೋಗ್ರಾಂ ಓಡಿಸಬೇಕು. ಮಧ್ಯೆ ನಾನು ಕೈ ಹಾಕಬಾರದು. ಕಟ್ಟಲು ಹೊರಟಾಗ ಕಷ್ಟದ ಭಾಗ ರೋಬೋಟ್ ಅಂತ ಅಂದುಕೊಂಡಿದ್ದೆ. ರೋಬೋಟ್ ಕೆಲಸ ಮೂರೇ ದಿನದಲ್ಲಿ ಮುಗಿಯಿತು. ಉಳಿದ ಏಳು ವಾರ ಹೋಗಿದ್ದು ಒಂದೇ ಪ್ರಶ್ನೆಗೆ: "ಈಗ ನನ್ನ ಮುಂದೆ ಕೂತಿರುವುದು ಯಾವ ಜಾಬ್?"

ಕೈಯಲ್ಲಿ ಏನೇನಿತ್ತು

ಹಳೆಯ ಮೂರು ಆಕ್ಸಿಸ್ ವರ್ಟಿಕಲ್ ಮಷಿನಿಂಗ್ ಸೆಂಟರ್, ಟೂಲ್ ಚೇಂಜರ್‌ನಲ್ಲಿ 12 ಟೂಲ್. ಕಂಟ್ರೋಲರ್‌ನಲ್ಲಿ ಮ್ಯಾಕ್ರೋ ಬಿ (ಪ್ರೋಗ್ರಾಂ ಒಳಗೇ ಲೆಕ್ಕ, ಷರತ್ತು ಬರೆಯುವ ಸೌಲಭ್ಯ) ಇದೆ, ಆರ್‌ಎಸ್-232 ಅನ್ನುವ ಹಳೇ ಸೀರಿಯಲ್ ಪೋರ್ಟ್ ಇದೆ, ಈಥರ್ನೆಟ್ ಇಲ್ಲ. ಸೆಕೆಂಡ್ ಹ್ಯಾಂಡ್ ಆರು ಆಕ್ಸಿಸ್ ರೋಬೋಟ್ ಕೈ, 5 ಕೆ.ಜಿ. ಎತ್ತುತ್ತದೆ. ಈಥರ್ನೆಟ್ ಇರುವ ಒಂದು ಚಿಕ್ಕ ಪಿಎಲ್‌ಸಿ, ಅಂದರೆ ಸ್ವಿಚ್, ಸೆನ್ಸರ್‌ಗಳನ್ನು ನೋಡಿ ವಾಲ್ವ್, ರಿಲೇಗಳನ್ನು ಓಡಿಸುವ ಕಂಪ್ಯೂಟರ್. ಒಂಬತ್ತು ಪ್ಯಾಲೆಟ್ (ಜಾಬ್ ಕಟ್ಟಿಡುವ ತಟ್ಟೆ) ಹಿಡಿಸುವ ರ್‍ಯಾಕ್, ಅದನ್ನು ನಾನೇ ಆಂಗಲ್‌ನಲ್ಲಿ ವೆಲ್ಡ್ ಮಾಡಿದ್ದು. ಜೊತೆಗೆ ಒಂದು ಹಳೆಯ ಕಂಪ್ಯೂಟರ್.

ಈ ಯೋಚನೆ ನನ್ನದೇನಲ್ಲ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಿಲ್ಲಿಂಗ್ ಮಷಿನ್ ಒಂದನ್ನು ಅಂಕಿಗಳಿಂದ ಓಡಿಸಿ ತೋರಿಸಿದರು. 1960ರ ದಶಕದಲ್ಲಿ ಬ್ರಿಟನ್ನಿನ ಮೋಲಿನ್ಸ್ ಕಂಪನಿಯಲ್ಲಿ ಥಿಯೋ ವಿಲಿಯಮ್ಸನ್ ಅನ್ನುವವರು 'ಸಿಸ್ಟಮ್ 24' ಅಂತ ಒಂದು ವ್ಯವಸ್ಥೆ ರೂಪಿಸಿದರು. ಹಗಲು ಜನ ಪ್ಯಾಲೆಟ್‌ಗಳಿಗೆ ಜಾಬ್ ಕಟ್ಟಿಡುವುದು, ರಾತ್ರಿ ಮಷಿನ್‌ಗಳು ತಾವೇ ಓಡುವುದು. ಹೆಸರಿನಲ್ಲಿರುವ 24 ಅಂದರೆ ದಿನದ 24 ಗಂಟೆ. ನಾನು ಕಟ್ಟಿದ್ದು ಅದರ ಮರಿಮೊಮ್ಮಗ ಅನ್ನಬಹುದು. ರಾತ್ರಿ ಓಡಿಸುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಎಲ್ಲಕ್ಕಿಂತ ಮೊದಲು ಬ್ಯಾಕಪ್

ಹಳೆಯ ಕಂಟ್ರೋಲರ್‌ನಲ್ಲಿ ಪ್ಯಾರಾಮೀಟರ್‌ಗಳು (ಮಷಿನ್‌ನ ಸೆಟ್ಟಿಂಗ್‌ಗಳು) ಇರುವುದು ಬ್ಯಾಟರಿ ಮೇಲೆ ನಿಂತ ಮೆಮರಿಯಲ್ಲಿ. ಬ್ಯಾಟರಿ ಸತ್ತರೆ ಎಲ್ಲಾ ಹೋಯಿತು. ಇನ್ನೊಂದು ವಿಷಯ: ಇಂಥ ಬ್ಯಾಟರಿಯನ್ನು ಮಷಿನ್ ಆನ್ ಇದ್ದಾಗಲೇ ಬದಲಿಸಬೇಕು. ಬೇರೆಲ್ಲಾ ಕಡೆ ಮೊದಲು ಮೇನ್ ಸ್ವಿಚ್ ಆಫ್ ಮಾಡುವ ಅಭ್ಯಾಸ ಇರುತ್ತದಲ್ವಾ, ಅದೇ ಅಭ್ಯಾಸದಲ್ಲಿ ಇಲ್ಲೂ ಆಫ್ ಮಾಡಿ ಬ್ಯಾಟರಿ ತೆಗೆದರೆ ಮಷಿನ್ ತನ್ನ ಹೆಸರನ್ನೇ ಮರೆಯುತ್ತದೆ.

ಬ್ಯಾಕಪ್ ಇಳಿಸುವ ಸೀರಿಯಲ್ ಕೇಬಲ್ ನಾನೇ ಬೆಸುಗೆ ಹಾಕಿದೆ. ಒಂದು ಕಡೆ ಕಳಿಸುವ ಪಿನ್ ಇನ್ನೊಂದು ಕಡೆ ಕೇಳುವ ಪಿನ್‌ಗೆ, ಗ್ರೌಂಡ್ ಗ್ರೌಂಡ್‌ಗೆ. 25 ಪಿನ್ ಕಡೆ 4 ಮತ್ತು 5 ಸೇರಿಸಿ ಒಂದು ಜಂಪರ್, 6, 8, 20 ಸೇರಿಸಿ ಇನ್ನೊಂದು. ವೇಗ 9600, 7 ಬಿಟ್, ಈವನ್ ಪ್ಯಾರಿಟಿ. ಪ್ಯಾರಾಮೀಟರ್, ಆಫ್‌ಸೆಟ್, ಪ್ರೋಗ್ರಾಂ, ಮೂರನ್ನೂ ಎರಡೆರಡು ಸಲ ಇಳಿಸಿಕೊಂಡು ಎರಡೂ ಫೈಲ್ ಹೋಲಿಸಿ ನೋಡಿದೆ. ಅಕ್ಷರ ವ್ಯತ್ಯಾಸ ಇರಲಿಲ್ಲ. ಆಮೇಲೆಯೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡಿದ್ದು.

ಪ್ಯಾಲೆಟ್

150 × 150 ಮಿ.ಮೀ. ಅಲ್ಯೂಮಿನಿಯಂ ತಟ್ಟೆ, ದಪ್ಪ 20 ಮಿ.ಮೀ. ಪ್ರತಿ ಜಾಬ್‌ನ ಫಿಕ್ಸ್ಚರ್ ಈ ತಟ್ಟೆಯ ಮೇಲೆ ಕಾಯಂ ಆಗಿ ಕೂತಿರುತ್ತದೆ. ಮಷಿನ್ ಟೇಬಲ್ ಮೇಲೆ ಒಂದೇ ಒಂದು ಬೇಸ್. ಯಾವ ಪ್ಯಾಲೆಟ್ ಬಂದರೂ ಅದೇ ಬೇಸ್ ಮೇಲೆ ಅದೇ ಜಾಗಕ್ಕೆ ಕೂರಬೇಕು. ಹೀಗಾದರೆ ಡಯಲ್ ಹಾಕುವ ಕೆಲಸವೇ ಇಲ್ಲ, ಜಿ54 ಅನ್ನುವ ಆಫ್‌ಸೆಟ್ ಒಂದೇ ಸಾಕು.

ಬೇಸ್‌ನಲ್ಲಿ ಎರಡು ಪಿನ್. ಮೊದಲ ಪ್ರಯತ್ನದಲ್ಲಿ ಎರಡನ್ನೂ ದುಂಡಗೆ ಮಾಡಿ ತಪ್ಪು ಮಾಡಿದೆ. ತೂತುಗಳ ನಡುವಿನ ಅಂತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಪ್ಯಾಲೆಟ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕೈಯಲ್ಲಾದರೆ ಸ್ವಲ್ಪ ಅಲ್ಲಾಡಿಸಿ ಕೂರಿಸುತ್ತೇವೆ. ರೋಬೋಟ್‌ಗೆ ಆ ಉಪಾಯ ಗೊತ್ತಿಲ್ಲ, ಅದು ಸುಮ್ನೆ ಒತ್ತುತ್ತದೆ, ಆಮೇಲೆ ಅಲಾರಂ ಕೊಟ್ಟು ನಿಲ್ಲುತ್ತದೆ. ಒಂದು ಪಿನ್ ತೆಗೆದು ಡೈಮಂಡ್ ಪಿನ್ ಹಾಕಿದೆ, ಅಂದರೆ ಎರಡು ಪಕ್ಕ ಗ್ರೈಂಡ್ ಮಾಡಿ ತೆಳ್ಳಗೆ ಮಾಡಿದ ಪಿನ್. ದುಂಡು ಪಿನ್ ಜಾಗ ಹಿಡಿಯುತ್ತದೆ, ಡೈಮಂಡ್ ಪಿನ್ ಪ್ಯಾಲೆಟ್ ತಿರುಗದಂತೆ ತಡೆಯುತ್ತದೆ, ಅಂತರದ ವ್ಯತ್ಯಾಸಕ್ಕೆ ಜಾಗವನ್ನೂ ಬಿಡುತ್ತದೆ. ರೋಬೋಟ್ ಕೈಯಲ್ಲೇ ಹತ್ತು ಸಲ ಎತ್ತಿ ಇಡಿಸಿ ಡಯಲ್‌ನಲ್ಲಿ ನೋಡಿದೆ. ಹತ್ತೂ ಸಲ 0.01 ಮಿ.ಮೀ. ಒಳಗೆ. ನನ್ನ ಜಾಬ್‌ಗಳಿಗೆ ಅಷ್ಟು ಧಾರಾಳ.

ಕ್ಲ್ಯಾಂಪ್ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಇದನ್ನು ತಿರುವುಮುರುವು ಮಾಡಬೇಡಿ. ಗಾಳಿಯಲ್ಲಿ ಹಿಡಿಸಿದರೆ, ಕಟಿಂಗ್ ನಡುವೆ ಕಂಪ್ರೆಸರ್ ಕೈಕೊಟ್ಟರೆ, ಜಾಬ್ ಹಾರಿ ಬಾಗಿಲಿಗೆ ಬಡಿಯುತ್ತದೆ.

ಚಿಪ್ಸ್ (ಕೊರೆದಾಗ ಬರುವ ಲೋಹದ ಚೂರು) ಕಾಟ ಬೇರೆ. ಪ್ಯಾಲೆಟ್ ಕೆಳಗೆ ಒಂದು ಚಿಪ್ ಸಿಕ್ಕಿಕೊಂಡರೆ ಪೂರ್ತಿ ಜಾಬ್ ಓರೆ. ರೋಬೋಟ್ ಕೈಗೆ ಒಂದು ನಾಜಲ್ ಕಟ್ಟಿ ಮೊದಲು ಊದಿಸುತ್ತೇನೆ, ಆದರೆ ಊದಿದ ಮೇಲೆ ಹೋಯಿತೋ ಇಲ್ಲವೋ ಅಂತ ನೋಡುವವರು ಯಾರು? ಅದಕ್ಕೆ ಬೇಸ್‌ನ ಮೂರು ಸೀಟುಗಳಲ್ಲೂ ನಡುವೆ 1 ಮಿ.ಮೀ. ತೂತು ಕೊರೆದು ಸಣ್ಣಗೆ ಗಾಳಿ ಬಿಟ್ಟೆ, ಲೈನ್‌ನಲ್ಲಿ ಪ್ರೆಶರ್ ಸ್ವಿಚ್. ಪ್ಯಾಲೆಟ್ ಸರಿಯಾಗಿ ಕೂತರೆ ತೂತುಗಳು ಮುಚ್ಚಿ ಒತ್ತಡ ಏರುತ್ತದೆ. ಕೆಳಗೆ ಏನಾದರೂ ಇದ್ದರೆ ಗಾಳಿ ಸೋರಿ ಒತ್ತಡ ಏರುವುದೇ ಇಲ್ಲ. ಫೀಲರ್ ಗೇಜ್‌ನ 0.05 ಮಿ.ಮೀ. ಎಲೆಯನ್ನು ಒಂದು ಸೀಟಿನ ಅಂಚಿಗೆ ಇಟ್ಟು ಪರೀಕ್ಷಿಸಿದೆ, ಸ್ವಿಚ್ ಆನ್ ಆಗಲಿಲ್ಲ. ಇಡೀ ಸೆಲ್‌ನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಮೂರು ತೂತು, ಒಂದು ಸ್ವಿಚ್, ಒಂದು ಸಾಲು ಸಾಫ್ಟ್‌ವೇರ್.

ಬಿಲ್ಲೆ ಲೆಕ್ಕ

ಈಗ ಗುರುತಿನ ವಿಷಯ. ಬಾರ್‌ಕೋಡ್ ಹಾಕಬಹುದಿತ್ತು. ಆದರೆ ಕೂಲಂಟ್ ಸುರಿಯುವ ಜಾಗದಲ್ಲಿ ಅದು ಎಷ್ಟು ದಿನ ಬಾಳುತ್ತದೆ? ನಾನು ಹಳೇ ದಾರಿ ಹಿಡಿದೆ. ಪ್ಯಾಲೆಟ್ ತಳದಲ್ಲಿ ಸಾಲಾಗಿ ನಾಲ್ಕು ಗುಳಿ. ಗುಳಿಯಲ್ಲಿ ಉಕ್ಕಿನ ಬಿಲ್ಲೆ ಇದ್ದರೆ 1, ಖಾಲಿ ಇದ್ದರೆ 0. ಬೇಸ್‌ನಲ್ಲಿ ನಾಲ್ಕು ಇಂಡಕ್ಟಿವ್ ಪ್ರಾಕ್ಸಿ, ಅಂದರೆ ಲೋಹ ಹತ್ತಿರ ಬಂದರೆ ಮುಟ್ಟದೆಯೇ ಆನ್ ಆಗುವ ಸೆನ್ಸರ್.

ಮೊದಲ ದಿನ ನಾಲ್ಕೂ ಪ್ರಾಕ್ಸಿ ಯಾವಾಗಲೂ ಆನ್. ಖಾಲಿ ಗುಳಿಗೂ ಆನ್. ವೈರಿಂಗ್ ತಪ್ಪು ಅಂತ ಒಂದು ಗಂಟೆ ಹುಡುಕಿದೆ. ವೈರಿಂಗ್ ಸರಿಯೇ ಇತ್ತು. ಇಂಡಕ್ಟಿವ್ ಪ್ರಾಕ್ಸಿ ಅಲ್ಯೂಮಿನಿಯಂ ಅನ್ನೂ ನೋಡುತ್ತದೆ, ಉಕ್ಕಿನಷ್ಟು ದೂರದಿಂದ ಅಲ್ಲ ಅಷ್ಟೇ. ನನ್ನದು ಉಕ್ಕಿಗೆ 4 ಮಿ.ಮೀ. ದೂರದ ಪ್ರಾಕ್ಸಿ. ಅಲ್ಯೂಮಿನಿಯಂಗೆ ಸುಮಾರು 0.4ರಿಂದ ಗುಣಿಸಬೇಕು, ಅಂದರೆ 1.6 ಮಿ.ಮೀ. ನಾನು ಬಿಟ್ಟಿದ್ದ ಗ್ಯಾಪ್ 1 ಮಿ.ಮೀ. ಹಾಗಾಗಿ ಖಾಲಿ ಗುಳಿಯ ಅಂಚಿನ ಅಲ್ಯೂಮಿನಿಯಂ ಕೂಡ ಅದಕ್ಕೆ ಕಾಣುತ್ತಿತ್ತು. ಗ್ಯಾಪ್ 2.5 ಮಿ.ಮೀ. ಮಾಡಿದೆ. ಉಕ್ಕು ಕಾಣುತ್ತದೆ, ಅಲ್ಯೂಮಿನಿಯಂ ಕಾಣುವುದಿಲ್ಲ. ಹತ್ತಿರ ಇಟ್ಟಷ್ಟೂ ಒಳ್ಳೆಯದು ಅನ್ನುವ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು.

ಎರಡನೇ ಎಚ್ಚರಿಕೆ: ಬಿಲ್ಲೆಗಳ ಲೆಕ್ಕ ಯಾವಾಗಲೂ ಬೆಸ ಇರಬೇಕು. ಒಂದು ಅಥವಾ ಮೂರು. ಮೂರು ಗುಳಿ ಕೋಡ್‌ಗೆ, ನಾಲ್ಕನೆಯದು ಲೆಕ್ಕ ಬೆಸ ಮಾಡುವುದಕ್ಕೆ. ಇದರಿಂದ ಒಟ್ಟು ಎಂಟು ಬಗೆಯ ಪ್ಯಾಲೆಟ್ ಗುರುತಿಸಬಹುದು. ಯಾವುದೋ ಒಂದು ಪ್ರಾಕ್ಸಿ ಸತ್ತರೆ, ಒಂದರ ಮೇಲೆ ಚಿಪ್ ಕೂತರೆ, ಲೆಕ್ಕ ಸರಿಸಂಖ್ಯೆ ಆಗುತ್ತದೆ, ಪಿಎಲ್‌ಸಿ ನಿಲ್ಲಿಸುತ್ತದೆ. ನಾಲ್ಕರ ಸಪ್ಲೈ ವೈರೂ ಒಟ್ಟಿಗೆ ಕಿತ್ತರೆ ಸೊನ್ನೆ, ಅದೂ ಸರಿಸಂಖ್ಯೆ. ನಾಲ್ಕರ ಮೇಲೂ ಚಿಪ್ಸ್ ರಾಶಿ ಬಿದ್ದರೆ ನಾಲ್ಕು, ಅದೂ ಸರಿಸಂಖ್ಯೆ. ಸರಿಸಂಖ್ಯೆ ಬಂದರೆ ಸರಿಯಿಲ್ಲ ಅಂತ ಅರ್ಥ, ನೆನಪಿಡುವುದಕ್ಕೂ ಸುಲಭ.

ಇನ್ನೊಂದು: ಪ್ಯಾಲೆಟ್ ಇಳಿಯುತ್ತಿರುವಾಗ ಪ್ರಾಕ್ಸಿಗಳು ಒಂದೊಂದಾಗಿ ಆನ್ ಆಗುತ್ತವೆ. ಮೂರು ಬಿಲ್ಲೆಯ ಪ್ಯಾಲೆಟ್ ಒಂದು ಕ್ಷಣ ಒಂದು ಬಿಲ್ಲೆಯದಾಗಿ ಕಾಣುತ್ತದೆ, ಅದೂ ಬೆಸವೇ! ಅದಕ್ಕೆ ಕ್ಲ್ಯಾಂಪ್ ಹಿಡಿದ ಸಿಗ್ನಲ್ ಬಂದು, ಸೀಟಿನ ಒತ್ತಡ ಬಂದು, ಆಮೇಲೆ 300 ಮಿಲಿಸೆಕೆಂಡ್ ಕೋಡ್ ಬದಲಾಗದೆ ನಿಂತರೆ ಮಾತ್ರ ಪಿಎಲ್‌ಸಿ ಅದನ್ನು ಬರೆದಿಟ್ಟುಕೊಳ್ಳುತ್ತದೆ.

ರೋಬೋಟ್ ಮತ್ತು ಮಷಿನ್ ಮಾತುಕತೆ

ಹಳೆಯ ಪ್ಯಾನೆಲ್‌ನಲ್ಲಿ ಎರಡು ಖಾಲಿ ಎಂ ಕೋಡ್ ರಿಲೇ ಸಿಕ್ಕವು, ಎಂ21 ಮತ್ತು ಎಂ22. ಎಂ ಕೋಡ್ ಅಂದರೆ ಚಲನೆ ಬಿಟ್ಟು ಬೇರೆ ಕೆಲಸಗಳಿಗೆ ಪ್ರೋಗ್ರಾಂನಲ್ಲಿ ಬರೆಯುವ ಆಜ್ಞೆ. ಪ್ರೋಗ್ರಾಂನಲ್ಲಿ ಎಂ21 ಬಂದಾಗ ರಿಲೇ ಹಿಡಿಯುತ್ತದೆ, ಹೊರಗಿನಿಂದ 'ಮುಗಿಯಿತು' ಸಿಗ್ನಲ್ ಬರುವವರೆಗೆ ಮಷಿನ್ ಕಾಯುತ್ತದೆ. ಎಂ21 ಅಂದರೆ "ಪ್ಯಾಲೆಟ್ ಬದಲಿಸು", ಎಂ22 ಅಂದರೆ "ಶುರು ಮಾಡಲಾ?"

ಮೊದಲು ಎಲ್ಲಾ ಸಿಗ್ನಲ್‌ಗಳನ್ನೂ 200 ಮಿಲಿಸೆಕೆಂಡ್ ಪಲ್ಸ್ ಮಾಡಿದ್ದೆ. ನೂರಾರು ಸಲ ಸರಿಯಾಗಿ ನಡೆದು ಯಾವಾಗಲೋ ಒಮ್ಮೆ ಇಬ್ಬರೂ ಸುಮ್ಮನೆ ನಿಂತುಬಿಡುತ್ತಿದ್ದರು. ಮಷಿನ್ "ಹೇಳಿದೆನಲ್ಲಾ" ಅನ್ನುತ್ತದೆ, ರೋಬೋಟ್ "ಕೇಳಿಸಲೇ ಇಲ್ಲ" ಅನ್ನುತ್ತದೆ. ರೋಬೋಟ್ ಒಳಗೆ ಇನ್‌ಪುಟ್ ನೋಡುವ ಹಿನ್ನೆಲೆ ಟಾಸ್ಕ್ ಕೆಲವೊಮ್ಮೆ ತಡವಾಗಿ ಸುತ್ತು ಹೊಡೆಯುತ್ತಿತ್ತು. ಅಷ್ಟರಲ್ಲಿ ಪಲ್ಸ್ ಬಂದು ಹೋಗಿರುತ್ತಿತ್ತು.

ಈಗ ಪಲ್ಸ್ ಇಲ್ಲ. ಕೇಳುವವನು ಕೈ ಎತ್ತಿದರೆ ಎತ್ತೇ ಇರುತ್ತಾನೆ. ಉತ್ತರ ಕೊಡುವವನು ಕೈ ಎತ್ತಿದ ಮೇಲೆ ಮೊದಲಿನವನು ಇಳಿಸುತ್ತಾನೆ. ಅದನ್ನು ನೋಡಿ ಎರಡನೆಯವನೂ ಇಳಿಸುತ್ತಾನೆ. ನಾಲ್ಕು ಹೆಜ್ಜೆ. ಯಾರು ಎಷ್ಟು ನಿಧಾನ ಇದ್ದರೂ ಮಾತು ಕಳೆದುಹೋಗುವುದಿಲ್ಲ. ಎಲ್ಲಿ ನಿಂತಿದೆ ಅಂತ ಎಲ್‌ಇಡಿ ನೋಡಿದರೇ ಗೊತ್ತಾಗುತ್ತದೆ, ಅದು ಇನ್ನೊಂದು ಲಾಭ.

ಎಮರ್ಜೆನ್ಸಿ ಸ್ಟಾಪ್ ಇದ್ಯಾವುದಕ್ಕೂ ಸೇರಿಲ್ಲ. ಅದು ನೇರ ವೈರಿನಲ್ಲಿ, ಎರಡು ಚಾನೆಲ್, ಸೇಫ್ಟಿ ರಿಲೇ ಮೂಲಕ ಮಷಿನ್, ರೋಬೋಟ್ ಎರಡನ್ನೂ ನಿಲ್ಲಿಸುತ್ತದೆ. ಬೇಲಿಯ ಬಾಗಿಲಿನ ಸ್ವಿಚ್ ಕೂಡ ಹಾಗೆಯೇ. ಪ್ರೋಗ್ರಾಂ ಬರೆದವನು ನಾನೇ, ಅದಕ್ಕೇ ಅದನ್ನು ನಂಬಿ ಒಳಗೆ ಕೈ ಹಾಕುವುದಿಲ್ಲ. ಒಂದೊಂದು ಚಾನೆಲ್ ವೈರನ್ನೂ ಬೇರೆ ಬೇರೆಯಾಗಿ ಬಿಚ್ಚಿ, ರಿಲೇ ಬೀಳುತ್ತದೆಯೇ, ಮತ್ತೆ ರಿಸೆಟ್ ಆಗದೆ ನಿಲ್ಲುತ್ತದೆಯೇ ಅಂತ ನೋಡಿದೆ.

ಹಿಂದಿನ ಜಾಬ್‌ನ ಪ್ರೋಗ್ರಾಂ

ಮುಖ್ಯ ಪ್ರೋಗ್ರಾಂ ಸರಳ. ಎಂ21 ಹಾಕಿ ಪ್ಯಾಲೆಟ್ ತರಿಸು. ಮ್ಯಾಕ್ರೋದ 1032ನೇ ವೇರಿಯಬಲ್ ಓದು. ಹೊರಗಿನಿಂದ ಬರುವ 16 ಇನ್‌ಪುಟ್‌ಗಳು ಒಟ್ಟಿಗೆ ಒಂದು ಸಂಖ್ಯೆಯಾಗಿ ಸಿಗುವುದು ಅಲ್ಲಿ. ಪಿಎಲ್‌ಸಿ ಬರೆದಿಟ್ಟುಕೊಂಡ ಕೋಡ್ ಆ ಇನ್‌ಪುಟ್‌ಗಳಿಗೆ ಹೋಗುತ್ತದೆ. ಸಂಖ್ಯೆ ನೋಡಿ ಎಂ98ರಿಂದ ಆಯಾ ಜಾಬ್‌ನ ಸಬ್ ಪ್ರೋಗ್ರಾಂಗೆ ಹೋಗು. ಮುಗಿದ ಮೇಲೆ ಮತ್ತೆ ಮೊದಲಿಗೆ ಬಾ.

ಬ್ರಾಕೆಟ್ ಒಂದನ್ನೇ ಒಂಬತ್ತು ಪ್ಯಾಲೆಟ್ ಹಾಕಿ ಓಡಿಸಿದೆ. ಚೆನ್ನಾಗಿ ಓಡಿತು. ಮುಚ್ಚಳ ಒಂಬತ್ತು, ಚೆನ್ನಾಗಿ ಓಡಿತು. ಹೌಸಿಂಗ್ ಒಂಬತ್ತು, ಅದೂ ಸರಿ. ಕುಣಿದಾಡುವುದೊಂದು ಬಾಕಿ. ಮರುದಿನ ಮೂರನ್ನೂ ಬೆರೆಸಿ ಇಟ್ಟೆ. ಪುಣ್ಯಕ್ಕೆ ಲೋಹದ ಬದಲು ಮೇಣದ ತುಂಡುಗಳನ್ನು ಕಟ್ಟಿದ್ದೆ. ಎರಡನೇ ಪ್ಯಾಲೆಟ್‌ನಲ್ಲೇ ಹೌಸಿಂಗ್ ಪ್ರೋಗ್ರಾಂ ಮುಚ್ಚಳದ ಮೇಲೆ ಓಡಿತು. ಹೌಸಿಂಗ್ ದಪ್ಪ 30 ಮಿ.ಮೀ., ಮುಚ್ಚಳ 8 ಮಿ.ಮೀ. 6 ಮಿ.ಮೀ. ಡ್ರಿಲ್ ಮೇಣ ದಾಟಿ ನೇರ ಪ್ಯಾಲೆಟ್ ಒಳಗೆ ಹೋಯಿತು. ನಾನು ಫೀಡ್ ಹೋಲ್ಡ್ (ಚಲನೆ ನಿಲ್ಲಿಸುವ ಗುಂಡಿ) ಒತ್ತುವಷ್ಟರಲ್ಲಿ ತೂತು ಆಗಿತ್ತು.

ಸಂಶಯ ಬಿದ್ದಿದ್ದು ಪ್ರಾಕ್ಸಿಗಳ ಮೇಲೆ. ಮೊದಲ ದಿನ ಕಾಟ ಕೊಟ್ಟಿದ್ದವಲ್ಲ, ಕಳ್ಳ ಅಂತ ಒಮ್ಮೆ ಹೆಸರು ಬಂದರೆ ಮುಗಿಯಿತು. ಎರಡು ದಿನ ಅವುಗಳ ಹಿಂದೆ ಬಿದ್ದೆ. ಗ್ಯಾಪ್ ಅಳೆದೆ, ಕೇಬಲ್ ಬದಲಿಸಿದೆ, ಶೀಲ್ಡ್ ಅರ್ಥ್ ಮಾಡಿದೆ. ತಪ್ಪು ಹಾಗೆಯೇ ಇತ್ತು. ವಿಚಿತ್ರ ಅಂದರೆ ಪಿಎಲ್‌ಸಿ ಸ್ಕ್ರೀನ್‌ನಲ್ಲಿ ಕೋಡ್ ಪ್ರತಿ ಸಲವೂ ಸರಿಯಾಗಿಯೇ ಕಾಣುತ್ತಿತ್ತು. ಬೆಸ ಲೆಕ್ಕವೂ ಒಮ್ಮೆಯೂ ಕೂಗಿಕೊಳ್ಳಲಿಲ್ಲ.

ಮೂರನೇ ದಿನ ಬುದ್ಧಿ ಬಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆದೆ. ಮೇಲೆ ಬಂದ ಪ್ಯಾಲೆಟ್, ಕೆಳಗೆ ಓಡಿದ ಪ್ರೋಗ್ರಾಂ.

ಬಂದದ್ದು: ಹೌಸಿಂಗ್, ಮುಚ್ಚಳ, ಮುಚ್ಚಳ, ಬ್ರಾಕೆಟ್, ಹೌಸಿಂಗ್.
ಓಡಿದ್ದು: ಹೌಸಿಂಗ್, ಹೌಸಿಂಗ್, ಮುಚ್ಚಳ, ಮುಚ್ಚಳ, ಬ್ರಾಕೆಟ್.

ಕೆಳಗಿನ ಸಾಲು ಮೇಲಿನ ಸಾಲಿನದೇ ನಕಲು, ಒಂದು ಮನೆ ಬಲಕ್ಕೆ ಸರಿದಿದೆ. ಮಷಿನ್ ಪ್ರತಿ ಸಲವೂ ಹಿಂದಿನ ಪ್ಯಾಲೆಟ್‌ನ ಪ್ರೋಗ್ರಾಂ ಓಡಿಸುತ್ತಿತ್ತು! ಮೊದಲನೆಯದು ಸರಿ ಬಂದದ್ದು ಯಾಕೆಂದರೆ ಹಿಂದಿನ ದಿನದ ಕೊನೆಯ ಜಾಬ್ ಕೂಡ ಹೌಸಿಂಗೇ, ಪಿಎಲ್‌ಸಿ ಆ ಕೋಡನ್ನು ರಾತ್ರಿಯೆಲ್ಲಾ ಹಿಡಿದುಕೊಂಡು ಕೂತಿತ್ತು. ಒಂದೇ ಬಗೆಯ ಜಾಬ್ ಓಡಿಸುವಾಗ ಹಿಂದಿನದೂ ಈಗಿನದೂ ಒಂದೇ. ಹಾಗಾಗಿ ಒಂದೇ ಬಗೆ ಓಡುತ್ತಿರುವಷ್ಟು ಹೊತ್ತು ತಪ್ಪು ಕಾಣುವ ಅವಕಾಶವೇ ಇರಲಿಲ್ಲ.

ಮೊದಲ ಮದ್ದು: ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಹಳೇ ಕೋಡ್ ಅಳಿಸಿ ಸೊನ್ನೆ ಮಾಡು ಅಂತ ಪಿಎಲ್‌ಸಿಗೆ ಹೇಳಿದೆ. ಸೊನ್ನೆ ಓದಿದರೆ ಮಷಿನ್ ಅಲಾರಂ ಕೊಟ್ಟು ನಿಲ್ಲಬೇಕು. ಓಡಿಸಿದೆ. ಅಲಾರಂ ಬರಲಿಲ್ಲ, ಮತ್ತೆ ಹಿಂದಿನ ಪ್ರೋಗ್ರಾಂ. ಅಂದರೆ ಕ್ಲ್ಯಾಂಪ್ ಬಿಚ್ಚುವುದಕ್ಕೂ ಮುಂಚೆಯೇ ಮಷಿನ್ ಕೋಡ್ ಓದಿ ಮುಗಿಸಿದೆ. ಆದರೆ ಪ್ರೋಗ್ರಾಂನಲ್ಲಿ ಓದುವ ಸಾಲು ಇರುವುದು ಎಂ21 ಆದ ಮೇಲೆ, ಎಂ21 ಮುಗಿಯುವುದು ಹೊಸ ಪ್ಯಾಲೆಟ್ ಕೂತ ಮೇಲೆ. ಹೇಗೆ ಸಾಧ್ಯ?

ಎಂ21ರ ಮುಂದಿನ ಸಾಲಿನಲ್ಲಿ 1032ರ ಬೆಲೆಯನ್ನು 500ನೇ ವೇರಿಯಬಲ್‌ಗೆ ನಕಲು ಮಾಡಿಸಿ, ಸ್ಕ್ರೀನ್‌ನಲ್ಲಿ ಮ್ಯಾಕ್ರೋ ಪುಟ ತೆರೆದು ಕಣ್ಣು ಕೀಳದೆ ನೋಡಿದೆ. ಎಂ21 ರಿಲೇ 'ಟಕ್' ಅಂದಿತು. ಬಾಗಿಲು ಇನ್ನೂ ಅಲ್ಲಾಡಿರಲಿಲ್ಲ. ರೋಬೋಟ್ ಇನ್ನೂ ರ್‍ಯಾಕ್ ಹತ್ತಿರವೇ ನಿಂತಿತ್ತು. 500ರಲ್ಲಿ ಸಂಖ್ಯೆ ಬಂದು ಕೂತಿತು.

ಆಗ ಹೊಳೆಯಿತು. ಕಂಟ್ರೋಲರ್ ಒಂದು ಸಾಲು ನಡೆಸುತ್ತಿರುವಾಗ ಮುಂದಿನ ಸಾಲನ್ನು ಮೊದಲೇ ಓದಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಪ್ರತಿ ಸಾಲಿನ ಕೊನೆಗೂ ಟೂಲ್ ಒಂದು ಕ್ಷಣ ನಿಂತು ಜಾಬ್ ಮೇಲೆ ಗುರುತು ಬೀಳುತ್ತದೆ. ಮುಂದಿನ ಸಾಲು ಚಲನೆಯದಾದರೆ ಓದಿಟ್ಟುಕೊಂಡು ಸುಮ್ಮನಿರುತ್ತದೆ. ಮ್ಯಾಕ್ರೋ ಸಾಲಾದರೆ ಓದಿದ ಕೂಡಲೇ ಲೆಕ್ಕ ಮಾಡಿಯೇ ಬಿಡುತ್ತದೆ. ಎಂ21 'ಮುಗಿಯಿತು' ಅಂತ ಬರಲಿ ಅಂತ ಮಷಿನ್ ಕಾಯುತ್ತಾ ಇದ್ದದ್ದು ನಿಜ. ಆದರೆ ಅದರ ಮನಸ್ಸು ಆಗಲೇ ಮುಂದಿನ ಸಾಲಿಗೆ ಹೋಗಿ, ಇನ್ನೂ ಕದಲದ ಹಳೇ ಪ್ಯಾಲೆಟ್‌ನ ಕೋಡ್ ಓದಿ, ಯಾವ ಪ್ರೋಗ್ರಾಂ ಅಂತ ತೀರ್ಮಾನ ಮಾಡಿಬಿಟ್ಟಿತ್ತು. ಇದು ಕಂಟ್ರೋಲರ್ ತಪ್ಪಲ್ಲ, ಮ್ಯಾನುಯಲ್‌ನಲ್ಲಿ ಬರೆದೇ ಇದೆ. ಮ್ಯಾಕ್ರೋ ಅಧ್ಯಾಯದ ಆ ಪುಟ ನಾನು ಓದಿರಲಿಲ್ಲ, ಅಷ್ಟೇ.

ಪ್ರೋಗ್ರಾಂ ನಿಲ್ಲಿಸುವ ಎಂ00, ಮುಗಿಸುವ ಎಂ30 ಥರದ ಕೆಲವು ಕೋಡ್‌ಗಳಿಗೆ ಈ ಮುಂದೋಟ ತಾನಾಗಿಯೇ ನಿಲ್ಲುತ್ತದೆ. ಬೇರೆ ಎಂ ಕೋಡ್‌ಗಳಿಗೆ ನಿಲ್ಲಬೇಕಾದರೆ ಅವುಗಳ ಸಂಖ್ಯೆಯನ್ನು ಪ್ಯಾರಾಮೀಟರ್‌ನಲ್ಲಿ ಬರೆಯಬೇಕು. 21 ಮತ್ತು 22 ಬರೆದೆ. ಪ್ಯಾರಾಮೀಟರ್ ಮುಟ್ಟುವ ಇಷ್ಟ ಇಲ್ಲದಿದ್ದರೆ ಎಂ ಕೋಡ್ ಮತ್ತು ಮ್ಯಾಕ್ರೋ ಸಾಲಿನ ನಡುವೆ ಜಿ53 ಅಂತ ಮಾತ್ರ ಇರುವ ಒಂದು ಸಾಲು ಹಾಕಿದರೂ ಆಗುತ್ತದೆ. ಬೆರೆಸಿಟ್ಟ ಒಂಬತ್ತು ಪ್ಯಾಲೆಟ್, ಮತ್ತೆ ಮೇಣ. ಎರಡು ಸಾಲೂ ತಾಳೆಯಾದವು.

ಆದರೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ನಾಳೆ ಯಾರೋ ಪ್ಯಾರಾಮೀಟರ್ ಹಳೇ ಬ್ಯಾಕಪ್‌ನಿಂದ ತುಂಬಿದರೆ ಈ 21, 22 ಹಾರಿಹೋಗುತ್ತವೆ. ಆ 'ಯಾರೋ' ಬಹುಶಃ ನಾನೇ ಆಗಿರುತ್ತೇನೆ. ಅದಕ್ಕೆ ಒಂದು ಮರುಮಾತು ಸೇರಿಸಿದೆ. ಫೋನ್‌ನಲ್ಲಿ ನಂಬರ್ ಹೇಳಿದಾಗ ಆ ಕಡೆಯವರು ಒಮ್ಮೆ ತಿರುಗಿ ಹೇಳುತ್ತಾರಲ್ವಾ, ಹಾಗೆ. ಪ್ರತಿ ಸಬ್ ಪ್ರೋಗ್ರಾಂ ತನ್ನ ಮೊದಲ ಸಾಲಿನಲ್ಲೇ ತನ್ನ ಕೋಡನ್ನು 1132ನೇ ವೇರಿಯಬಲ್‌ಗೆ ಬರೆಯುತ್ತದೆ, ಅದು ಮಷಿನ್‌ನಿಂದ ಹೊರಗೆ ಹೋಗುವ ಔಟ್‌ಪುಟ್‌ಗಳ ಗುಂಪು. ಆಮೇಲೆ ಎಂ22. ಪಿಎಲ್‌ಸಿ ತನ್ನಲ್ಲಿರುವ ಪ್ಯಾಲೆಟ್ ಕೋಡ್ ಮತ್ತು ಮಷಿನ್ ಹೇಳಿದ ಕೋಡ್ ಎರಡನ್ನೂ ಹೋಲಿಸುತ್ತದೆ. ಒಂದೇ ಆದರೆ ಮಾತ್ರ ಎಂ22ಗೆ ಉತ್ತರ ಕೊಡುತ್ತದೆ. ಇಲ್ಲದಿದ್ದರೆ ಸ್ಪಿಂಡಲ್ ತಿರುಗುವ ಮೊದಲೇ ಎಲ್ಲಾ ನಿಲ್ಲುತ್ತದೆ.

ಪರೀಕ್ಷೆಗೆ ಬೇಕಂತಲೇ ಪ್ಯಾರಾಮೀಟರ್‌ನಿಂದ 21 ಅಳಿಸಿ ಓಡಿಸಿದೆ. ಜಾಬ್ ಬದಲಾದ ಕೂಡಲೇ ನಿಂತಿತು. ಕೆಂಪು ದೀಪ ನೋಡಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಉಳಿದ ಸಣ್ಣಪುಟ್ಟ ಕಾಟ

ಕ್ಲ್ಯಾಂಪ್ ವಾಲ್ವ್ ಆಫ್ ಆದಾಗಲೆಲ್ಲಾ ಪಕ್ಕದ ಒಂದು ಇನ್‌ಪುಟ್ ಮಿನುಗುತ್ತಿತ್ತು. ವಾಲ್ವ್‌ಗಳ 24 ವೋಲ್ಟ್ ಡಿಸಿ ಕಾಯಿಲ್‌ಗಳಿಗೆ, ಆಫ್ ಆಗುವಾಗ ಏಳುವ ವೋಲ್ಟೇಜ್ ಹೊಡೆತ ತಡೆಯುವ ಡಯೋಡ್ ನಾನು ಹಾಕಿರಲಿಲ್ಲ. ಪ್ರತಿ ಕಾಯಿಲ್‌ಗೂ ಉಲ್ಟಾ ದಿಕ್ಕಿನಲ್ಲಿ ಒಂದೊಂದು 1ಎನ್4007 ಹಾಕಿದೆ, ನಿಂತಿತು. ಡಯೋಡ್ ಇದ್ದರೆ ವಾಲ್ವ್ ಬಿಡುವುದು ಒಂಚೂರು ನಿಧಾನ ಆಗುತ್ತದೆ, ಇಲ್ಲಿ ಅದರಿಂದ ತೊಂದರೆ ಇಲ್ಲ.

ಪಿಎಲ್‌ಸಿ ಔಟ್‌ಪುಟ್ ಪಿಎನ್‌ಪಿ (ಸಿಗ್ನಲ್ ಆಗಿ ಪ್ಲಸ್ ಕೊಡುವುದು), ರೋಬೋಟ್ ಇನ್‌ಪುಟ್‌ಗೆ ಬೇಕಾದದ್ದು ಎನ್‌ಪಿಎನ್ (ಮೈನಸ್‌ಗೆ ಎಳೆಯುವುದು). ನಡುವೆ ಸಣ್ಣ ರಿಲೇ ಸಾಲು ಕೂರಿಸಿದೆ. ಇದನ್ನು ಕೊಳ್ಳುವ ಮೊದಲೇ ನೋಡಬೇಕಿತ್ತು.

ರ್‍ಯಾಕ್‌ನಲ್ಲಿ ಮುಂದೆ ಯಾವ ಮನೆಯ ಪ್ಯಾಲೆಟ್ ತರಬೇಕು ಅನ್ನುವ ಸರದಿಯನ್ನು ಕಂಪ್ಯೂಟರ್ ಪಿಎಲ್‌ಸಿಗೆ ಮಾಡ್‌ಬಸ್‌ನಲ್ಲಿ ಕಳಿಸುತ್ತದೆ. 1979ರ ಪದ್ಧತಿ, ಇನ್ನೂ ಗಟ್ಟಿಯಾಗಿದೆ. ಆದರೆ ಕೈಪಿಡಿಯಲ್ಲಿ 40001 ಅಂತ ಬರೆದ ರಿಜಿಸ್ಟರ್‌ಗೆ ವೈರಿನ ಮೇಲೆ ಹೋಗುವ ವಿಳಾಸ 0. ನಾನು 1 ಕಳಿಸುತ್ತಿದ್ದೆ, ಎಲ್ಲಾ ಒಂದು ಮನೆ ಮುಂದಕ್ಕೆ ಹೋಗಿ ಕೂರುತ್ತಿತ್ತು. ಒಂದು ಮನೆ ಸರಿಯುವ ಕಾಟ ಈ ಪ್ರಾಜೆಕ್ಟ್‌ಗೆ ಅಂಟಿಕೊಂಡೇ ಬಂದಿದೆ.

ಹೌಸಿಂಗ್ ಪ್ರೋಗ್ರಾಂ ದೊಡ್ಡದು, ಮೆಮರಿಗೆ ಹಿಡಿಸಲಿಲ್ಲ. ಸೀರಿಯಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಉಣಿಸಲು ಹೋದೆ. ಯುಎಸ್‌ಬಿ ಅಡಾಪ್ಟರ್ ಹಾಕಿದಾಗ, ಮಷಿನ್ "ಸಾಕು, ತಡೆ" ಅಂತ ಎಕ್ಸ್‌ಆಫ್ ಕಳಿಸಿದ ಮೇಲೂ ಅಡಾಪ್ಟರ್ ಬಫರ್‌ನಲ್ಲಿದ್ದ ಅಕ್ಷರಗಳು ಬರುತ್ತಲೇ ಇದ್ದವು, ಮಷಿನ್ ಬಫರ್ ತುಂಬಿ ಅಲಾರಂ. ಅಡಾಪ್ಟರ್ ಬಫರ್ ಕಡಿಮೆ ಮಾಡಿ ನೋಡಿದೆ, ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ಪ್ರೋಗ್ರಾಂ ಅನ್ನೇ ಚಿಕ್ಕದು ಮಾಡಿದೆ. ಒಂದೇ ಥರದ ನಾಲ್ಕು ಪಾಕೆಟ್‌ಗಳಿಗೆ ನಾಲ್ಕು ಸಲ ಬರೆದಿದ್ದ ಸಾಲುಗಳನ್ನು ಒಂದು ಸಬ್ ಪ್ರೋಗ್ರಾಂ ಮಾಡಿ ನಾಲ್ಕು ಸಲ ಕರೆದೆ. ಹಿಡಿಸಿತು. ಸೀರಿಯಲ್ ಕೇಬಲ್ ಈಗ ಬ್ಯಾಕಪ್‌ಗೆ ಮಾತ್ರ.

ಈಗ

ಜಾಬ್ ಬದಲಾಗುವಾಗ 40 ನಿಮಿಷ ಹೋಗುತ್ತಿದ್ದ ಜಾಗದಲ್ಲಿ ಈಗ ಒಂದೂವರೆ ನಿಮಿಷ. ಅದರಲ್ಲಿ ಅರ್ಧ ಬಾಗಿಲಿನ ಸಿಲಿಂಡರ್‌ದೇ, ಅದನ್ನು ವೇಗ ಮಾಡಿದರೆ ಬಾಗಿಲು ಬಡಿದುಕೊಳ್ಳುತ್ತದೆ. ಫಿಕ್ಸ್ಚರ್ ಕಟ್ಟುವ ಕೆಲಸ ಎಲ್ಲಿಗೂ ಹೋಗಿಲ್ಲ, ಮಷಿನ್ ಓಡುತ್ತಿರುವಾಗ ಪಕ್ಕದ ಟೇಬಲ್ ಮೇಲೆ ಮಾಡಿಕೊಳ್ಳುತ್ತೇನೆ, ಅಷ್ಟೇ. ಟೂಲ್ ಮುರಿದಿದೆಯೇ ಅಂತ ನೋಡುವ ವ್ಯವಸ್ಥೆ ಇನ್ನೂ ಹಾಕಿಲ್ಲ. ಅದು ಆಗುವವರೆಗೆ ಸೆಲ್ ಬಿಟ್ಟು ದೂರ ಹೋಗುವುದಿಲ್ಲ.

ತೂತು ಬಿದ್ದ ಪ್ಯಾಲೆಟ್ ಎಸೆದಿಲ್ಲ. ಅದಕ್ಕೆ ಬೇರೆಯೇ ಬಿಲ್ಲೆ ಕೋಡ್ ಕೊಟ್ಟಿದ್ದೇನೆ. ಅದರ ಪ್ರೋಗ್ರಾಂ ಸ್ಪಿಂಡಲ್ ತಿರುಗಿಸುವುದಿಲ್ಲ, ಆ 6 ಮಿ.ಮೀ. ತೂತಿನ ಮೇಲೆ ಬಂದು 50 ಮಿ.ಮೀ. ಎತ್ತರದಲ್ಲಿ ನಿಂತು ವಾಪಸ್ ಹೋಗುತ್ತದೆ. ದಿನಾ ಬೆಳಿಗ್ಗೆ ಮೊದಲು ಒಂದು ಬ್ರಾಕೆಟ್, ಆಮೇಲೆ ಈ ತೂತಿನ ಪ್ಯಾಲೆಟ್, ಆಮೇಲೆ ಒಂದು ಮುಚ್ಚಳ. ಮೂರೂ ಸರಿಯಾಗಿ ಹೋದರೆ ಉಳಿದ ಪ್ಯಾಲೆಟ್‌ಗಳನ್ನು ರ್‍ಯಾಕ್‌ಗೆ ಇಡುತ್ತೇನೆ.